ಗಂಡಸರ ಮಂಡಿ ನೋವಿಗೆ ಒಂದು ಬಾಗಿಲು ಬೇಕು

ನಮ್ಮೂರ ಸಾರ್ವಜನಿಕ ಆಸ್ಪತ್ರೆಯ ಮುಖ್ಯ ಆಡಳಿತಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ವೈದ್ಯರು ಕೂರುವ ಕೋಣೆಗಳಿಗೆ ಬಾಗಿಲಿಲ್ಲ. ಮುರಿದುಹೋಗಿಲ್ಲ, ಗೆದ್ದಲು ತಿಂದಿಲ್ಲ, ಕಳ್ಳರು ಹೊತ್ತುಕೊಂಡು ಹೋಗಿಲ್ಲ. ನೀವೇ ಸಹಿ ಹಾಕಿ ಕೀಳಿಸಿದ್ದೀರಿ. ಆ ಬಾಗಿಲಿಲ್ಲದ ಕಾರಣಕ್ಕೆ ನನ್ನ ಗಂಡ ತಮ್ಮ ತೊಂದರೆಯನ್ನು ವೈದ್ಯರ ಮುಂದೆ ಬಾಯಿ ಬಿಟ್ಟು ಹೇಳಲಾಗದೆ, ಅಂಗಡಿಯಿಂದ ಗುಟ್ಟಾಗಿ ಮಾತ್ರೆ ತಂದು ನುಂಗಿ, ಸಾವಿನ ಮನೆಯ ಕದ ತಟ್ಟಿ ವಾಪಸು ಬಂದರು. ಆ ಮನೆಯ ಕದವನ್ನು ನೀವಿನ್ನೂ ಕೀಳಿಸಿಲ್ಲವಲ್ಲ, ಅಷ್ಟೇ ಪುಣ್ಯ.

ತೊಂದರೆ ಯಾವುದೆಂದು ಹೇಳಿಯೇ ಬಿಡುತ್ತೇನೆ, ಏಕೆಂದರೆ ಅದನ್ನು ಯಾರೂ ಹೇಳದೆ ಇದ್ದದ್ದರಿಂದಲೇ ಇಷ್ಟೆಲ್ಲ ಆಯಿತು. ನಿಮಿರು ದೌರ್ಬಲ್ಯ. ಹೆಂಡತಿಯ ಹತ್ತಿರ ಬರುವ ಮನಸ್ಸಿದ್ದರೂ ದೇಹ ಮಾತು ಕೇಳದಿರುವುದು. ಸಾರ್ವಜನಿಕ ಶೌಚಾಲಯಗಳ ಗೋಡೆಯ ಮೇಲೆ ‘ಗುಪ್ತ ಸಮಸ್ಯೆಯೇ?’ ಎಂದು ಕೇಳಿ ಕೆಳಗೆ ಫೋನ್ ನಂಬರ್ ಬರೆದಿರುತ್ತಾರಲ್ಲ, ಅದೇ. ಒಬ್ಬ ಹೆಂಗಸು, ಅದೂ ಸಂಸಾರಸ್ಥೆ, ಇದನ್ನು ಪತ್ರಿಕೆಗೆ ಬರೆಯುತ್ತಿದ್ದಾಳೆ ಎಂದು ನಿಮಗೆ ಅಸಹ್ಯವಾಗುತ್ತಿರಬಹುದು. ಆಗಲಿ. ನನಗೆ ಅಸಹ್ಯವಾಗಿ ತಿಂಗಳುಗಳೇ ಕಳೆದಿವೆ, ಈಗ ನಿಮ್ಮ ಸರದಿ.

ನನ್ನ ಕಸುಬು ಏನೆಂದು ತಿಳಿಸಿಬಿಡುವುದು ಒಳ್ಳೆಯದು. ಕಚೇರಿಗಳಿರುವ ಬೀದಿಯಲ್ಲಿ ಒಂದು ಮೇಜು, ಒಂದು ಹಳೆಯ ಕಂಪ್ಯೂಟರ್ ಇಟ್ಟುಕೊಂಡು ಜನರ ಅರ್ಜಿಗಳನ್ನು ಟೈಪ್ ಮಾಡಿಕೊಡುತ್ತೇನೆ. ‘ತಮ್ಮಲ್ಲಿ ಸವಿನಯ ಪ್ರಾರ್ಥನೆ’, ‘ಕೃಪೆ ತೋರಬೇಕಾಗಿ ಕೋರಿಕೆ’, ‘ತಮ್ಮ ಗಮನಕ್ಕೆ ತರಬಯಸುತ್ತೇನೆ’, ಇವನ್ನೆಲ್ಲ ನನ್ನ ಬೆರಳುಗಳು ನನ್ನನ್ನು ಕೇಳದೆಯೇ ಟೈಪ್ ಮಾಡುತ್ತವೆ. ಊರಿನವರೆಲ್ಲರ ವಿನಯವನ್ನು ನಾನೇ ಬರೆದುಕೊಟ್ಟು ಬರೆದುಕೊಟ್ಟು ನನ್ನ ಪಾಲಿನ ವಿನಯ ಖಾಲಿಯಾಗಿದೆ. ಹಾಗಾಗಿ ಈ ಪತ್ರದಲ್ಲಿ ಅದನ್ನು ಹುಡುಕಬೇಡಿ.

ನಿಮ್ಮ ಆದೇಶದ ಪ್ರತಿ ಆಸ್ಪತ್ರೆಯ ಸೂಚನಾ ಫಲಕದಲ್ಲಿ ಈಗಲೂ ಇದೆ. ‘ಸೇವೆಯಲ್ಲಿ ಸಂಪೂರ್ಣ ಪಾರದರ್ಶಕತೆಯನ್ನು ಖಚಿತಪಡಿಸುವ ಸಲುವಾಗಿ, ಹೊರರೋಗಿ ವಿಭಾಗದ ಎಲ್ಲ ಕೊಠಡಿಗಳ ಬಾಗಿಲುಗಳನ್ನು ಈ ಕೂಡಲೇ ತೆರವುಗೊಳಿಸತಕ್ಕದ್ದು.’ ಏನು ಗತ್ತು, ಏನು ಗಾಂಭೀರ್ಯ! ಇದರ ಹಿಂದಿನ ಕಥೆ ಆಸ್ಪತ್ರೆಯ ಗೋಡೆ ಗೋಡೆಗೂ ಗೊತ್ತು. ಯಾರೋ ಒಬ್ಬ ಡಾಕ್ಟರು ಬಾಗಿಲು ಹಾಕಿಕೊಂಡು ಮಧ್ಯಾಹ್ನ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದರು, ಇನ್ಯಾರೋ ಕಿಟಕಿಯಿಂದ ಫೋಟೊ ತೆಗೆದರು, ಅದು ಎಲ್ಲರ ಫೋನಿಗೂ ಹೋಯಿತು. ಒಬ್ಬರನ್ನು ಎಚ್ಚರವಾಗಿಡಲು ನೀವು ಊರಿಗೆ ಊರನ್ನೇ ಬೆತ್ತಲೆ ಮಾಡಿದಿರಿ. ಆ ಡಾಕ್ಟರಿಗೆ ಒಂದು ಲೋಟ ಕಾಫಿ ಕೊಡಿಸಿದ್ದರೆ ಆಗುತ್ತಿರಲಿಲ್ಲವೇ?

ಈಗ ಕೇಳಿ. ಆ ಬಾಗಿಲುಗಳನ್ನು ಕಿತ್ತವರು ನನ್ನ ಗಂಡ. ಅವರು ನಿಮ್ಮದೇ ಆಸ್ಪತ್ರೆಯ ದುರಸ್ತಿ ವಿಭಾಗದ ಬಡಗಿ. ಅಂದು ಸಂಜೆ ಮನೆಗೆ ಬಂದವರು ಊಟದ ತನಕ ಗೊಣಗುತ್ತಲೇ ಇದ್ದರು. ಬಾಗಿಲು ಕೂರಿಸುವುದಕ್ಕೆ ಕೆಲಸಕ್ಕೆ ಸೇರಿದವನ ಕೈಯಲ್ಲಿ ಬಾಗಿಲು ಕೀಳಿಸಿದರಲ್ಲ ಎಂಬ ಸಂಕಟ ಅವರದು. ಕೈಯಲ್ಲಿ ಒಂದು ಬಿಸ್ಕತ್ತಿನ ಡಬ್ಬ ಬೇರೆ. ಅದರ ತುಂಬ ಬಾಗಿಲಿನ ಕೀಲುಗಳು, ಸ್ಕ್ರೂಗಳು. ಉಗ್ರಾಣದವರು ಅವನ್ನು ಒಳಗೆ ತೆಗೆದುಕೊಳ್ಳಲು ಒಪ್ಪಲಿಲ್ಲವಂತೆ. ಆದೇಶದಲ್ಲಿ ಬಾಗಿಲು ಎಂದು ಮಾತ್ರ ಇದೆ, ಕೀಲು ಎಂದು ಎಲ್ಲಿದೆ ತೋರಿಸಿ ಎಂದರಂತೆ. ಎಸೆಯಲು ಮನಸ್ಸಾಗದೆ ಇವರು ಎಣ್ಣೆ ಸವರಿ ನಮ್ಮ ಅಟ್ಟದ ಮೇಲಿಟ್ಟರು.

ಇವರಿಗೆ ಸಕ್ಕರೆ ಕಾಯಿಲೆ ಹಳೆಯದು. ಹೋದ ವರ್ಷ ಏಣಿ ಹತ್ತುವಾಗ ಎದೆ ಹಿಡಿದುಕೊಂಡಿತು. ನಿಮ್ಮ ಆಸ್ಪತ್ರೆಯ ಹೃದಯದ ಡಾಕ್ಟರೇ ಪರೀಕ್ಷೆ ಮಾಡಿ ದಿನಾ ನುಂಗುವ ಮಾತ್ರೆ ಕೊಟ್ಟರು. ಜೊತೆಗೆ ಒಂದು ಪುಟ್ಟ ಸೀಸೆ. ಎದೆ ನೋವು ಬಂದರೆ ಅದರಲ್ಲಿರುವ ಚಿಕ್ಕ ಮಾತ್ರೆಯನ್ನು ನಾಲಿಗೆಯ ಕೆಳಗಿಡಬೇಕು ಎಂದು ನನಗೆ ಹೇಳಿಕೊಟ್ಟರು. ಕಲಿತ ಪಾಠವನ್ನು ನಾನು ಮರೆಯುವವಳಲ್ಲ. ಆ ಸೀಸೆ ನನ್ನ ಕೈಗೆಟುಕುವಂತೆ ಒಲೆಯ ಪಕ್ಕದ ಗೂಡಿನಲ್ಲೇ ಇತ್ತು.

ಎದೆ ಸುಧಾರಿಸಿತು. ಆದರೆ ಇವರು ಬದಲಾದರು. ಮಲಗುವಾಗ ಗೋಡೆಯ ಕಡೆ ತಿರುಗತೊಡಗಿದರು. ನಾನು ಕೈ ಹಾಕಿದರೆ ಸೆಖೆ ಎನ್ನುವರು, ಫ್ಯಾನು ಜೋರು ಮಾಡಿದರೆ ಚಳಿ ಎನ್ನುವರು. ಸಣ್ಣದಕ್ಕೂ ರೇಗಾಟ. ನಾನು ಕನ್ನಡಿಯ ಮುಂದೆ ನಿಂತು ನನ್ನ ನರೆಗೂದಲನ್ನೂ ಹೊಟ್ಟೆಯ ಮಡಿಕೆಯನ್ನೂ ನೋಡಿಕೊಂಡು, ಇದಕ್ಕೇ ಇರಬೇಕು ಎಂದು ತೀರ್ಮಾನಿಸಿದೆ. ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತಿದ್ದೇನೆ. ಅವರು ನನ್ನಿಂದ ಮುಚ್ಚಿಟ್ಟರು, ನಾನು ಅವರಿಂದ ಮುಚ್ಚಿಟ್ಟೆ.

ಹಾಗಂತ ಇವರು ಸುಮ್ಮನೆ ಕೂತಿರಲಿಲ್ಲ. ಎಲ್ಲ ಮರ್ಯಾದಸ್ಥ ನಾಗರಿಕರಂತೆ ನಿಮ್ಮ ಆಸ್ಪತ್ರೆಗೇ ಬಂದು ಸಾಲಿನಲ್ಲಿ ನಿಂತರು. ತಾವೇ ಬಾಗಿಲು ಕಿತ್ತ ಕೋಣೆ. ಸಾಲಿನ ಬಾಲ ಹೊರಗೆ ಪಡಸಾಲೆಯಲ್ಲಿದ್ದರೆ ತಲೆ ಡಾಕ್ಟರ ಮೇಜಿನ ಮೇಲೆಯೇ ಇರುತ್ತದೆ. ಒಬ್ಬರು ಹೇಳುವುದನ್ನು ಹಿಂದಿನ ಐದಾರು ಜನ ಕತ್ತು ಚಾಚಿ ಕೇಳಿಸಿಕೊಳ್ಳುತ್ತಾರೆ, ಕೆಲವರು ಸಲಹೆಯನ್ನೂ ಕೊಡುತ್ತಾರೆ. ಅಂದು ಇವರ ಬೆನ್ನ ಹಿಂದೆ, ಉಸಿರು ತಾಗುವಷ್ಟು ಹತ್ತಿರ ನಿಂತಿದ್ದವರು ಯಾರು ಗೊತ್ತೇ? ನಮ್ಮ ಬೀಗರು. ನಮ್ಮ ಮಗಳ ಮಾವ. ಡಾಕ್ಟರು ತಲೆಯೆತ್ತದೆ ಏನು ತೊಂದರೆ ಎಂದು ಕೇಳಿದರು. ಇವರು ಬೀಗರ ಮುಖ ನೋಡಿ, ಮಂಡಿ ನೋವು ಎಂದರು.

ಮಂಡಿಗೆ ಮುಲಾಮು ಕೊಟ್ಟರು. ಬೀಗರು ತಮಗೂ ಮಂಡಿ ನೋವೇ ಎಂದು ಅದೇ ಮುಲಾಮು ತೆಗೆದುಕೊಂಡು, ದಾರಿಯುದ್ದಕ್ಕೂ ಮಂಡಿಯ ವಿಷಯವನ್ನೇ ಮಾತಾಡಿಕೊಂಡು ಬಂದರಂತೆ. ಇವರು ಮತ್ತೊಮ್ಮೆ ಹೋದರು. ಆಗ ಹಿಂದೆ ನಿಂತಿದ್ದವಳು ನಮ್ಮ ಬೀದಿಯ ಇಸ್ತ್ರಿಯವಳು. ಮತ್ತೆ ಮಂಡಿ ನೋವು, ಮತ್ತೆ ಮುಲಾಮು. ಹೀಗೆ ಹೋಗಿ ಬಂದು ನಮ್ಮ ಮನೆಯಲ್ಲಿ ಸೋಪಿಗಿಂತ ಮುಲಾಮೇ ಜಾಸ್ತಿಯಾಯಿತು. ಮಂಡಿ ನೋಯುವವರು ಅಟ್ಟ ಹೇಗೆ ಹತ್ತುತ್ತೀರಿ ಎಂದು ಒಮ್ಮೆ ನಾನು ಕೇಳಿದ್ದುಂಟು. ನನ್ನ ಮಂಡಿ, ನನ್ನಿಷ್ಟ ಎಂದು ಎದ್ದು ಹೋದರು.

ಇಲ್ಲಿ ನಿಮ್ಮ ಆಡಳಿತ ಚಾತುರ್ಯಕ್ಕೆ ಕೈ ಮುಗಿಯಲೇಬೇಕು. ಬಾಗಿಲು ಕಿತ್ತ ಮೇಲೆ ಊರಿನ ನಡುವಯಸ್ಸಿನ ಗಂಡಸರಿಗೆಲ್ಲ ಇದ್ದಕ್ಕಿದ್ದಂತೆ ಮಂಡಿ ನೋವು ಶುರುವಾದದ್ದು ನಿಮ್ಮ ಗಮನಕ್ಕೂ ಬಂತು. ನೀವೇನು ಮಾಡಿದಿರಿ? ಶಾಮಿಯಾನ ಹಾಕಿಸಿ ಉಚಿತ ಮಂಡಿ ತಪಾಸಣಾ ಶಿಬಿರ ನಡೆಸಿದಿರಿ! ವೇದಿಕೆಯ ಮೇಲೆ ನಿಂತು, ನಮ್ಮ ಜನ ನಡೆಯುವುದನ್ನೇ ಬಿಟ್ಟಿದ್ದಾರೆ ಎಂದು ಭಾಷಣ ಬಿಗಿದಿರಿ. ಕೆಳಗೆ ಕುರ್ಚಿಗಳಲ್ಲಿ ಗಟ್ಟಿಮುಟ್ಟಾದ ಮಂಡಿಗಳ ಗಂಡಸರು ಸಾಲಾಗಿ ಕೂತು ಚಪ್ಪಾಳೆ ತಟ್ಟಿದರು, ನನ್ನ ಗಂಡನೂ ಸೇರಿ. ಒಬ್ಬರಿಗಾದರೂ, ಒಂದೇ ಒಂದು ಸಲವಾದರೂ, ಇವರು ಬೇರೇನೋ ಹೇಳಲು ಬಂದವರಿರಬಹುದು ಎಂದು ಹೊಳೆಯಲಿಲ್ಲವೇ? ಹೆಂಗಸರ ವಿಷಯ ನಾನಿಲ್ಲಿ ಎತ್ತುತ್ತಿಲ್ಲ. ಅವರಿಗೆಲ್ಲ ನಿಮ್ಮಲ್ಲಿ ತಲೆನೋವು ಎಂದು ಮಾತ್ರ ದಾಖಲಾಗಿರುತ್ತದೆ, ಹೋಗಿ ನೋಡಿ.

ಹೇಳಬೇಕಾದ ಜಾಗದಲ್ಲಿ ಹೇಳಲಾಗದವನು ಎಲ್ಲಿಗೆ ಹೋಗುತ್ತಾನೆ? ಆಸ್ಪತ್ರೆಯ ಎದುರಿನ ಔಷಧಿ ಅಂಗಡಿಗೆ. ಗಿರಾಕಿಗಳೆಲ್ಲ ಹೋಗುವ ತನಕ ಇವರು ಹಲ್ಲುಜ್ಜುವ ಬ್ರಷ್ಷುಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತ ನಿಂತಿದ್ದರಂತೆ. ಅಂಗಡಿಯವನಿಗೆ ಅಭ್ಯಾಸವಾದ ದೃಶ್ಯ. ಚೀಟಿ ಕೇಳಲಿಲ್ಲ, ವಯಸ್ಸು ಕೇಳಲಿಲ್ಲ, ಹೃದಯದ ಮಾತ್ರೆ ನಡೆಯುತ್ತಿದೆಯೇ ಎಂದು ಕೇಳಲಿಲ್ಲ. ಒಂದು ಪಟ್ಟಿಯಿಂದ ಹೆಸರು ಕಾಣದ ಹಾಗೆ ಎರಡು ಮಾತ್ರೆ ಕತ್ತರಿಸಿ ಕಾಗದದಲ್ಲಿ ಸುತ್ತಿದ. ಧೈರ್ಯವಾಗಿ ತಗೊಳ್ಳಿ ಸಾರ್, ಎಲ್ಲರೂ ತಗೋತಾರೆ ಎಂದು ಕಣ್ಣು ಮಿಟುಕಿಸಿದನಂತೆ. ಎಲ್ಲರೂ ತೆಗೆದುಕೊಳ್ಳುವುದು ನಿಜವೇ ಇರಬೇಕು, ನಿಮ್ಮ ಮಂಡಿ ಶಿಬಿರದ ಜನಸಂದಣಿ ನೋಡಿದರೆ.

ಅದೊಂದು ರಜಾ ದಿನದ ಮಧ್ಯಾಹ್ನ. ಇವರು ಕ್ಷೌರ ಮಾಡಿಸಿಕೊಂಡು ಬಂದು, ಒಗೆದ ಅಂಗಿ ಹಾಕಿಕೊಂಡು, ಬಹಳ ದಿನಗಳ ಮೇಲೆ ನನ್ನನ್ನು ನೋಡಿ ನಕ್ಕರು. ನನಗೆ ಎಷ್ಟು ಸಂತೋಷವಾಯಿತೆಂದರೆ ಒಲೆಯ ಮೇಲೆ ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಿಗೆ ಮಂಚದ ಅಂಚಿನಲ್ಲಿ ಕೂತು ಎದೆ ಒತ್ತಿಕೊಂಡರು, ಹಣೆಯೆಲ್ಲ ಬೆವರು. ನಾನು ಓಡಿದೆ. ಒಲೆಯ ಪಕ್ಕದ ಗೂಡಿನಿಂದ ಸೀಸೆ ತಂದೆ. ಹೇಳಿಕೊಟ್ಟ ಹಾಗೆಯೇ, ಒಂದಿಷ್ಟೂ ತಪ್ಪದೆ, ಚಿಕ್ಕ ಮಾತ್ರೆಯನ್ನು ಅವರ ನಾಲಿಗೆಯ ಕೆಳಗಿಟ್ಟೆ. ಅವರು ಏನೋ ಹೇಳಲು ಬಾಯಿ ತೆರೆದರು, ಮಾತಾಡಬೇಡಿ ಸುಮ್ಮನಿರಿ ಎಂದು ನಾನೇ ಬಾಯಿ ಮುಚ್ಚಿಸಿದೆ. ನೋಡನೋಡುತ್ತಿದ್ದಂತೆ ತುಟಿ ಬಿಳಿಚಿತು, ಕಣ್ಣು ಮೇಲಾಯಿತು, ಹಾಗೇ ಕುಸಿದುಬಿದ್ದರು.

ಮಾನ್ಯರೇ, ಅವರು ನುಂಗಿದ್ದು ಕೆಟ್ಟ ಔಷಧಿಯಲ್ಲ. ನಾನಿಟ್ಟದ್ದೂ ಕೆಟ್ಟ ಔಷಧಿಯಲ್ಲ. ಎರಡೂ ರಕ್ತನಾಳಗಳನ್ನು ಸಡಿಲಿಸುತ್ತವೆ. ಎರಡೂ ಒಟ್ಟಿಗೆ ಸೇರಿದರೆ ರಕ್ತದ ಒತ್ತಡ ಪಾತಾಳಕ್ಕಿಳಿಯುತ್ತದೆ. ಇದು ನನಗೆ ಅಂದು ಗೊತ್ತಿರಲಿಲ್ಲ. ಗೊತ್ತಿದ್ದವರು ಬಾಗಿಲಿಲ್ಲದ ಕೋಣೆಯಲ್ಲಿ ಮುಲಾಮು ಬರೆಯುತ್ತಿದ್ದರು.

ಹತ್ತಿರದಲ್ಲಿ ಕಾರಿದ್ದದ್ದು ಬೀಗರಿಗೆ. ಅವರೇ ಓಡಿಬಂದು ಆಸ್ಪತ್ರೆಗೆ ಸೇರಿಸಿದರು, ಆ ಉಪಕಾರ ಮರೆಯುವಂಥದ್ದಲ್ಲ. ಹೊರರೋಗಿ ವಿಭಾಗಕ್ಕೇ ಸೇರಿದ ತುರ್ತು ಚಿಕಿತ್ಸೆಯ ಕೋಣೆಗೂ ಬಾಗಿಲಿಲ್ಲ, ಪರದೆಯ ಕಂಬಿ ಇತ್ತು, ಪರದೆ ಒಗೆಯಲು ಹೋಗಿತ್ತು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಗ್ಗಿ, ಬೇರೆ ಯಾವುದಾದರೂ ಮಾತ್ರೆ ತೆಗೆದುಕೊಂಡಿದ್ದಾರೆಯೇ ಎಂದು ಕೇಳಿದರು. ಇವರು ಕಷ್ಟಪಟ್ಟು ಕಣ್ಣು ಬಿಟ್ಟರು. ಮಂಚದ ಸುತ್ತ ನಾನು, ಬೀಗರು, ಆಯಾ, ಪಕ್ಕದ ಮಂಚದವರ ನೆಂಟರಿಷ್ಟರು. ಜೀವ ಹೋಗುತ್ತಿರುವ ಮನುಷ್ಯ ಎಲ್ಲರನ್ನೂ ಒಂದು ಸುತ್ತು ನೋಡಿ ಏನೆಂದರು ಗೊತ್ತೇ?

“ಮಂಡಿ ನೋವಿಗೆ... ಒಂದು ಮಾತ್ರೆ.”

ಬೀಗರು ಕೂಡಲೇ ಸಾಕ್ಷಿ ನುಡಿದರು. “ಹೌದು ಡಾಕ್ಟ್ರೇ, ಅವರಿಗೆ ಮಂಡಿ ನೋವಿದೆ. ನಾನೇ ಹಿಂದೆ ನಿಂತು ಕೇಳಿಸ್ಕೊಂಡಿದೀನಿ.”

ಆ ಹುಡುಗಿ ನಂಬಲಿಲ್ಲ. ಅವಳ ಬುದ್ಧಿಗೆ ನೂರು ನಮಸ್ಕಾರ. ಮಂಡಿಯ ಮಾತ್ರೆಗೆ ಒತ್ತಡ ಹೀಗೆ ಬೀಳುವುದಿಲ್ಲ ಎಂದು ತನ್ನಷ್ಟಕ್ಕೆ ಅಂದುಕೊಂಡು, ಆಯಾಳಿಗೂ ವಾರ್ಡಿನವನಿಗೂ ಒಂದು ಹಾಸಿಗೆ ಬಟ್ಟೆಯ ಎರಡು ತುದಿ ಕೊಟ್ಟು ಅಡ್ಡ ಹಿಡಿದು ನಿಲ್ಲಿ ಎಂದಳು. ನನ್ನನ್ನೂ ಸೇರಿಸಿ ಎಲ್ಲರನ್ನೂ ಆಚೆ ಕಳಿಸಿದಳು. ಆಚೆ ನಿಂತ ನನಗೆ ಕಂಡದ್ದು ಆ ಬಟ್ಟೆಯ ಕೆಳಗೆ ಅವಳ ಚಪ್ಪಲಿ ಮಾತ್ರ. ಅವಳು ಅವರ ಕಿವಿಯಲ್ಲಿ ಕೇಳಿದಳು, ಅವರು ಅವಳ ಕಿವಿಯಲ್ಲಿ ಹೇಳಿದರು. ಅದಕ್ಕೆ ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. ಬಟ್ಟೆ ಕೆಳಗಿಳಿದಾಗ, ಅವರಿಗೆ ಕೊಡಲು ಸಿದ್ಧವಾಗಿದ್ದ ಹೃದಯದ ಔಷಧಿಯನ್ನು ಅವಳು ಪಕ್ಕಕ್ಕೆ ಸರಿಸಿ, ಕಾಲು ಎತ್ತರಿಸಿ, ಡ್ರಿಪ್ ಹಾಕಿಸುತ್ತಿದ್ದಳು. ಹಳೆಯ ಹಾಸಿಗೆ ಬಟ್ಟೆಯೊಂದು ನಿಮ್ಮ ಇಡೀ ಆಡಳಿತ ಮಾಡದ ಕೆಲಸವನ್ನು ಮಾಡಿತು.

ಇವರು ಚೇತರಿಸಿಕೊಂಡ ಮೇಲೆ ಆ ಡಾಕ್ಟರಮ್ಮ ನಮ್ಮಿಬ್ಬರನ್ನೂ ಬಟ್ಟೆಗಳನ್ನಿಡುವ ಕೋಣೆಗೆ ಕರೆದೊಯ್ದಳು. ಆ ವಿಭಾಗದಲ್ಲಿ ನಿಮ್ಮ ಆದೇಶದ ಕಣ್ಣಿಗೆ ಬೀಳದೆ ಉಳಿದ ಬಾಗಿಲು ಅದೊಂದೇ. ಚಾದರದ ಗಂಟುಗಳ ಮೇಲೆ ಕೂತು ಅವಳು ಹೇಳಿದ್ದನ್ನು ನಾನು ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಅದನ್ನು ಬರೆಸಿ ಹಾಕಬೇಕಾಗಿದ್ದ ಸೂಚನಾ ಫಲಕದಲ್ಲಿ ನಿಮ್ಮ ಶಿಬಿರದ ಫೋಟೊ ಇದೆ. ಇದು ನಾಚಿಕೆಯ ಕಾಯಿಲೆಯಲ್ಲ, ಸಕ್ಕರೆ, ರಕ್ತದೊತ್ತಡ, ಹೃದಯದ ತೊಂದರೆ ಇರುವವರಿಗೆ ಬಹಳ ಸಾಮಾನ್ಯ. ಎಷ್ಟೋ ಸಲ ಹೃದಯ ಕೆಡುವ ಮುನ್ನ ದೇಹ ಕೊಡುವ ಮೊದಲ ಎಚ್ಚರಿಕೆಯೇ ಇದು. ಹಾಗಾಗಿ ಮಾತ್ರೆಗಿಂತ ಮೊದಲು ತಪಾಸಣೆ ಆಗಬೇಕು. ಮಾತ್ರೆ ಒಳ್ಳೆಯದೇ, ಡಾಕ್ಟರು ನೋಡಿ ಬರೆದುಕೊಟ್ಟರೆ ಸಾವಿರಾರು ಜನ ನಿಶ್ಚಿಂತೆಯಿಂದ ತೆಗೆದುಕೊಳ್ಳುತ್ತಾರೆ. ಆದರೆ ನಾಲಿಗೆಯ ಕೆಳಗಿನ ಮಾತ್ರೆ ಇಟ್ಟುಕೊಂಡವರು, ಆ ಜಾತಿಯ ಹೃದಯದ ಔಷಧಿ ನುಂಗುವವರು ಇದನ್ನು ಮುಟ್ಟಲೇಬಾರದು. ಮೂತ್ರ ಸಲೀಸಾಗಲು ಮಾತ್ರೆ ತೆಗೆದುಕೊಳ್ಳುವವರು, ಒತ್ತಡದ ಮಾತ್ರೆಯವರು ಮೊದಲೇ ಹೇಳಬೇಕು. ಬರೆದುಕೊಟ್ಟ ಪ್ರಮಾಣವನ್ನು ಹೆಚ್ಚಿಸಬಾರದು, ಸ್ನೇಹಿತರ ಮಾತ್ರೆಯನ್ನು ಕಡ ತರಬಾರದು, ಶಕ್ತಿಯ ಪುಡಿ ಎಂದು ಹೆಸರು ದಿಕ್ಕಿಲ್ಲದವರು ಮಾರುವುದನ್ನು ನಂಬಬಾರದು, ಅದರಲ್ಲೂ ಇದೇ ಔಷಧಿ ಕದ್ದು ಬೆರೆಸಿರಬಹುದು. ಮಾತ್ರೆ ತೆಗೆದುಕೊಂಡ ಮೇಲೆ ಎದೆ ನೋವು ಬಂದರೆ ನಾಲಿಗೆಯ ಕೆಳಗಿನದನ್ನು ಇಡದೆ ಸೀದಾ ಆಸ್ಪತ್ರೆಗೆ ಬಂದು, ಏನು ತೆಗೆದುಕೊಂಡೆ, ಯಾವಾಗ ತೆಗೆದುಕೊಂಡೆ ಎಂದು ಹೇಳಬೇಕು. ಕೆಲವದರ ಪ್ರಭಾವ ಎರಡು ದಿನವೂ ಇರುತ್ತದೆ. ಕಣ್ಣು ಇದ್ದಕ್ಕಿದ್ದಂತೆ ಮಂಜಾದರೆ, ನಿಮಿರಿದ್ದು ನಾಲ್ಕು ಗಂಟೆಯಾದರೂ ಇಳಿಯದಿದ್ದರೆ ಆಗಲೂ ಓಡಿ ಬರಬೇಕು. ಇದಕ್ಕೆ ಹೆದರಿ ಹೃದಯದ ಮಾತ್ರೆಯನ್ನು ತಾವೇ ನಿಲ್ಲಿಸಬಾರದು. ನಮ್ಮಂಥವರಿಗೆ ಬೇರೆ ಚಿಕಿತ್ಸೆಗಳೂ ಇವೆಯಂತೆ, ಅವನ್ನು ಹೃದಯದ ಡಾಕ್ಟರೊಂದಿಗೆ ಕೂತು ಮಾತಾಡಬೇಕು.

ಕೂತು ಮಾತಾಡಬೇಕು. ಎಲ್ಲಿ ಕೂರುವುದು, ಮಾನ್ಯರೇ? ಚಾದರದ ಗಂಟಿನ ಮೇಲೆಯೇ?

ಇಷ್ಟಾದ ಮೇಲೆ ನಾನು ನಿಮ್ಮನ್ನು ಕಾಣಲು ಬಂದಿದ್ದೆ. ನಿಮ್ಮ ಕೊಠಡಿಗೆ ಒಂದಲ್ಲ, ಎರಡು ಬಾಗಿಲು. ಹೊರಗೊಂದು ತೇಗದ್ದು, ಒಳಗೊಂದು ಗಾಜಿನದ್ದು, ನಡುವೆ ದಪ್ಪ ಪರದೆ. ಬಾಗಿಲ ಬಳಿಯ ಜವಾನ ನನ್ನನ್ನು ತಡೆದು, “ಸಾಹೇಬ್ರು ಒಳಗೆ ಖಾಸಗಿ ಮಾತಲ್ಲಿದ್ದಾರಮ್ಮ, ಆಮೇಲೆ ಬನ್ನಿ” ಎಂದ. ನಾನು ಬಂದ ದಾರಿಯಲ್ಲೇ ಹಿಂತಿರುಗಿದೆ. ನಿಮ್ಮ ಮಾತು ಖಾಸಗಿ. ನನ್ನ ಗಂಡನ ಮೈ, ನಮ್ಮ ಮಂಚ, ನಮ್ಮ ಮಾನ ಮಾತ್ರ ಪಾರದರ್ಶಕ, ಅಲ್ಲವೇ?

ಹೊರಗೆ ಬಂದಾಗ ಇನ್ನೊಂದು ದೃಶ್ಯ ಕಂಡೆ. ನೀವು ಕಾರು ನಿಲ್ಲಿಸುವ ಜಾಗಕ್ಕೂ ರಸ್ತೆಗೂ ನಡುವೆ ಒಂದು ಚರಂಡಿ ಇದೆಯಲ್ಲ, ಅದರ ಮೇಲೆ ಅಡ್ಡಲಾಗಿ ಒಂದು ಬಾಗಿಲು ಮಲಗಿತ್ತು. ನನ್ನ ಜೊತೆ ಬಂದಿದ್ದ ಇವರು ಬಗ್ಗಿ ನೋಡಿ ಗುರುತು ಹಿಡಿದರು. ಬೀಗದ ಪಕ್ಕ ಒಡೆದಿದ್ದ ಜಾಗಕ್ಕೆ ಹಿಂದೊಮ್ಮೆ ಇವರೇ ತೇಪೆ ಕೂರಿಸಿದ್ದರು. ಮುಲಾಮು ಬರೆಯುವ ಕೋಣೆಯ ಬಾಗಿಲು. ಅದರ ಮೇಲೆ ನಿಮ್ಮ ಕಾರಿನ ಚಕ್ರದ ಗುರುತು ಮೂಡಿತ್ತು.

ಆ ದಿನವೇ ಈ ಪತ್ರ ಬರೆಯಬೇಕೆಂದು ಇವರನ್ನು ಕೇಳಿದೆ. ಊರಿಗೆಲ್ಲ ಗೊತ್ತಾಗುತ್ತದೆ, ಯೋಚನೆ ಮಾಡಿ ಹೇಳಿ ಎಂದೆ. ಉಳಿಯ ಹಿಡಿಯನ್ನು ಸವರುತ್ತ ಹೇಳಿದರು.

“ಬರಿ. ಏನ್ ಬೇಕಾದ್ರೂ ಬರಿ. ಮಂಡಿ ನೋವು ಅಂತ ಮಾತ್ರ ಬರೀಬೇಡ ಕಣೇ, ಸಾಕಾಗೋಗಿದೆ ನಂಗೆ.”

ಪತ್ರದ ಕರಡನ್ನು ಬೀಗರಿಗೂ ತೋರಿಸಿದೆ. ಅವರ ವಿಷಯ ಬರೆದಿದ್ದೇನಲ್ಲ, ಒಪ್ಪಿಗೆ ಬೇಕಿತ್ತು. ಓದುತ್ತ ಓದುತ್ತ ಅವರ ಕಿವಿ ಕೆಂಪಾಯಿತು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಹೊಸ್ತಿಲು ದಾಟುವಾಗ ಹಿಂತಿರುಗಿ, ತಲೆ ಬಗ್ಗಿಸಿಕೊಂಡೇ ಕೇಳಿದರು. “ಬೀಗಿತ್ತೀ, ಆ ಡಾಕ್ಟರಮ್ಮ ಬಟ್ಟೆ ಕೋಣೇಲಿ ಯಾವ ಹೊತ್ತಿಗೆ ಸಿಗ್ತಾರೆ? ನನ್ನ ಮಂಡಿಯೂ ಸರಿಯಾಗಿಯೇ ಇದೆ. ಇದನ್ನೂ ಸೇರಿಸಿ ಬರೀರಿ.”

ಸೇರಿಸಿದ್ದೇನೆ.

ನನ್ನ ಬೇಡಿಕೆ ಚಿಕ್ಕದು. ಆಸ್ಪತ್ರೆಯ ಎದುರಿನ ಅಂಗಡಿಗಳಲ್ಲಿ ಚೀಟಿಯಿಲ್ಲದೆ, ಹೆಸರು ಕತ್ತರಿಸಿ ಈ ಮಾತ್ರೆ ಮಾರುವುದನ್ನು ಸಂಬಂಧಪಟ್ಟವರಿಗೆ ತಿಳಿಸಿ ನಿಲ್ಲಿಸಿ. ಎದೆ ನೋವಿನ ಸೀಸೆ ಕೊಡುವಾಗ ಗಂಡ ಹೆಂಡತಿ ಇಬ್ಬರನ್ನೂ ಒಳಗೆ ಕೂರಿಸಿ, ಇದರ ಜೊತೆ ಅದು ಕೂಡದು ಎಂದು ಬಾಯಿ ಬಿಟ್ಟು ಹೇಳಿಸಿ. ಅದನ್ನು ಹೇಳಲು, ಕೇಳಲು ಬಾಗಿಲುಗಳನ್ನು ವಾಪಸು ಹಾಕಿಸಿ. ಹೊಸ ಮರ ಬೇಡ, ಸಮಿತಿ ಬೇಡ, ಉದ್ಘಾಟನೆಗೆ ನೀವು ಬರುವುದೂ ಬೇಡ. ಉಗ್ರಾಣದಲ್ಲಿರುವ ಬಾಗಿಲುಗಳನ್ನು ಹೊರಗೆ ತೆಗೆಸಿ, ಚರಂಡಿ ದಾಟಲು ನಿಮ್ಮ ಕಾರಿಗೆ ಬೇರೊಂದು ಹಲಗೆ ಹುಡುಕಿಕೊಂಡರೆ ಸಾಕು. ಬಾಗಿಲು ತೊಳೆದು ನಾನು ಕೊಡುತ್ತೇನೆ. ಕೂರಿಸುವವರು ನಮ್ಮ ಮನೆಯಲ್ಲೇ ಇದ್ದಾರೆ, ದೇವರ ದಯೆಯಿಂದ ಇನ್ನೂ ಇದ್ದಾರೆ. ಕೀಲುಗಳಿಗೆ ನಿನ್ನೆಯಷ್ಟೇ ಮತ್ತೊಮ್ಮೆ ಎಣ್ಣೆ ಸವರಿಟ್ಟಿದ್ದಾರೆ.

‘ತಮ್ಮ ವಿಧೇಯ’ ಎಂದು ಬೆರಳು ಟೈಪ್ ಮಾಡಿತ್ತು, ಅಳಿಸಿದ್ದೇನೆ.

ಇಂತಿ,
ಹೇಳಿಕೊಟ್ಟಂತೆಯೇ ಮಾಡಿ ಗಂಡನನ್ನು ಕಳೆದುಕೊಳ್ಳಲಿದ್ದ,
ನಿಮ್ಮ ಆಸ್ಪತ್ರೆಯ ಬಡಗಿಯ ಹೆಂಡತಿ